ಮಾಹೆಯಿಂದ ಬಂದ ಹೆಸರು

ಮಿರ್ಕಾಬ್, ಕುವೈತ್
5 ಜುಲೈ 1990

ಪ್ರೀತಿಯ ಪಪ್ಪಾ,

ಇಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಲಿಫ್ಟಿಗೆ. ನಗಬೇಡಿ. ಆಫೀಸು ಏಳನೆಯ ಮಹಡಿಯಲ್ಲಿದೆ. ಬಾಗಿಲು ಮುಚ್ಚಿಕೊಂಡ ಮೇಲೆ ಪಕ್ಕದಲ್ಲಿ ನಿಂತವರು ನನ್ನ ಅಂಗಿಗೆ ಸಿಕ್ಕಿಸಿದ ಬ್ಯಾಡ್ಜ್ ಓದುತ್ತಾರೆ, ಆಮೇಲೆ ಮುಖ ನೋಡುತ್ತಾರೆ, ಮತ್ತೆ ಬ್ಯಾಡ್ಜ್ ಓದುತ್ತಾರೆ. ರುಡಾಲ್ಫ್ ಫೂರ್ನಿಯೆ. "ನೀನು ಇಂಡಿಯನ್ ತಾನೆ? ಈ ಹೆಸರು ಎಲ್ಲಿಂದ ಬಂತು?" ನಾನು "ಮಂಗಳೂರು" ಎನ್ನುತ್ತೇನೆ. ಅದು ಉತ್ತರವಲ್ಲವೆಂದು ನನಗೂ ಗೊತ್ತು. ಆದರೆ ಅಷ್ಟರಲ್ಲಿ ಏಳನೆಯ ಮಹಡಿ ಬಂದಿರುತ್ತದೆ, ನಾನು ಬದುಕಿಕೊಳ್ಳುತ್ತೇನೆ.

ನಮ್ಮ ಕಂಪನಿ ಫ್ರಾನ್ಸಿನಿಂದ ಪಂಪು ತರಿಸಿ ಶುಐಬಾದ ಕಾರ್ಖಾನೆಗಳಿಗೆ ಮಾರುತ್ತದೆ. ಪಂಪುಗಳ ಜೊತೆ ಬಂದ ಒಬ್ಬ ಫ್ರೆಂಚ್ ಎಂಜಿನಿಯರ್ ಮೊನ್ನೆ ನನ್ನ ಟೈಪ್‌ರೈಟರಿನ ಮುಂದೆ ನಿಂತು, ತಮ್ಮ ಊರಿನ ಸಿಮಿತ್ರಿಯಲ್ಲಿ ಅರ್ಧದಷ್ಟು ಗೋರಿಕಲ್ಲುಗಳ ಮೇಲೆ ಈ ಹೆಸರೇ ಇದೆ ಎಂದರು. ಅವರು ಸಂತೋಷದಿಂದಲೇ ಹೇಳಿದ್ದು. ನನಗೆ ಮಾತ್ರ ಹೇಗೋ ಆಯಿತು. ಅವರಿರುವುದು ನಾವಿರುವ ಕಟ್ಟಡದಲ್ಲೇ, ಐದನೆಯ ಮಹಡಿಯಲ್ಲಿ. ನಾವು ಮೂರನೆಯದರಲ್ಲಿ. ನಾವು ಅಂದರೆ ನಾನು ಮತ್ತು ಕಾಪುವಿನ ಯಶೋಧರಣ್ಣ. ಅವರು ಒಂದು ಟೈಲರ್ ಅಂಗಡಿಯಲ್ಲಿ ಕ್ಯಾಶಿಯರ್. ಅಡುಗೆ ಅವರದು, ಪಾತ್ರೆ ನನ್ನದು. ಮಾತು ಪೂರ್ತಿ ಅವರದು.

ಕೆಳಗೆ ಉಳ್ಳಾಲದ ಮಮ್ಮು ಕಾಕನ ದಿನಸಿ ಅಂಗಡಿ ಉಂಟು. ಅವರೂ ಅವರ ಹೆಂಡತಿ ಅಲೀಮಕ್ಕನೂ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಇದ್ದಾರೆ. ನನ್ನನ್ನು ಕಂಡರೆ ಕುಚ್ಚಲಕ್ಕಿ ತೆಗೆದಿಡುತ್ತಾರೆ.

ಪಾಸ್‌ಪೋರ್ಟನ್ನು ಕಫೀಲ್ ಇಟ್ಟುಕೊಂಡಿದ್ದಾರೆ. ನಮಗೆ ಕೆಲಸ ಕೊಟ್ಟ ಯಜಮಾನರಿಗೆ ಇಲ್ಲಿ ಹಾಗೆ ಹೇಳುತ್ತಾರೆ. ಎಲ್ಲರದೂ ಹಾಗೆಯೇ ಅಂತೆ. ಅವರು ಬೇಸಿಗೆ ಕಳೆಯಲು ಕೈರೋಗೆ ಹೋಗಿದ್ದಾರೆ, ಬಂದ ಮೇಲೆ ನನ್ನ ಇಕಾಮಾ, ಅಂದರೆ ಇಲ್ಲಿ ವಾಸಕ್ಕೆ ಪರವಾನಗಿ, ಆಗುತ್ತದೆ.

ಹೆಸರಿನ ಕಥೆಯನ್ನು ಒಮ್ಮೆ ಸರಿಯಾಗಿ ಬರೆದು ಕಳಿಸಿ. ಚಿಕ್ಕಂದಿನಲ್ಲಿ ನೀವು ಹೇಳುತ್ತಿದ್ದಾಗ ನಾನು ನಿದ್ದೆ ಮಾಡಿಬಿಡುತ್ತಿದ್ದೆ.

ನಿಮ್ಮ ಖುಷಿಗೆ ಪೂರ್ತಿ ಹೆಸರು ಹಾಕುತ್ತೇನೆ,
ರುಡಾಲ್ಫ್ ಫೂರ್ನಿಯೆ


ಬಿಜೈ, ಮಂಗಳೂರು
18 ಜುಲೈ 1990

ಮಗ ರುಡಾಲ್ಫನಿಗೆ ಪಪ್ಪನ ಆಶೀರ್ವಾದ.

ಕನ್ನಡ ಎಂ.ಎ. ಮಾಡಿದವನು, ಹಳಗನ್ನಡ ಬಾಯಿಪಾಠ ಹೇಳುವವನು, ಲಿಫ್ಟಿನಲ್ಲಿ ತನ್ನ ಹೆಸರಿನ ಅರ್ಥ ಹೇಳಲಾರದೆ ನಿಲ್ಲುತ್ತಾನೆ. ನಿನ್ನ ಮಮ್ಮಿ ಕಾಗದ ಕೇಳಿಸಿಕೊಂಡು, "ಅವನು ಇಲ್ಲಿ ಮೀನಿನವಳ ಹತ್ತಿರವೂ ಮಾತಾಡಿದವನಲ್ಲ, ಅಲ್ಲಿ ಯಾರ ಹತ್ತಿರ ಮಾತಾಡ್ತಾನೆ?" ಎಂದಳು. ಸರಿ. ಕ್ಲಾಸಿನಲ್ಲಿ ಹೇಳಿದ ಹಾಗೆಯೇ ಹೇಳುತ್ತೇನೆ, ಈ ಸಲ ನಿದ್ದೆ ಮಾಡಬೇಡ.

ಫೂರ್ನಿಯೆ ಎಂದರೆ ಒಲೆಯವನು. ಹಿಂದೆ ಫ್ರಾನ್ಸಿನ ಹಳ್ಳಿಗಳಲ್ಲಿ ಪ್ರತಿ ಮನೆಗೂ ರೊಟ್ಟಿಯ ಒಲೆ ಇರಲಿಲ್ಲ. ಒಡೆಯನದೊಂದು ದೊಡ್ಡ ಒಲೆ ಇರುತ್ತಿತ್ತು. ಜನ ಹಿಟ್ಟು ನಾದಿಕೊಂಡು ಅಲ್ಲಿಗೇ ತರಬೇಕು, ಅಲ್ಲಿಯೇ ಸುಡಿಸಬೇಕು, ಒಡೆಯನ ಪಾಲು ಕೊಟ್ಟು ಉಳಿದದ್ದನ್ನು ಮನೆಗೆ ಒಯ್ಯಬೇಕು. ಆ ಒಲೆ ನೋಡಿಕೊಳ್ಳುವವನಿಗೆ ಆ ಹೆಸರು ಬಂತು. ಊರೂರಿಗೆ ಒಲೆ ಇದ್ದುದರಿಂದ ಊರೂರಿಗೊಬ್ಬ ಫೂರ್ನಿಯೆ. ಆದ್ದರಿಂದ ಆ ಹೆಸರಿನವರೆಲ್ಲ ಒಂದೇ ರಕ್ತದವರಲ್ಲ. ನಿನ್ನ ಎಂಜಿನಿಯರನಿಗೆ ಇದನ್ನು ಹೇಳು. ಮುಂದೆ ಕೆಲವರು ಕೆನಡಾಕ್ಕೆ ಹೋದರು, ಧರ್ಮದ ಜಗಳದಲ್ಲಿ ಕೆಲವರು ಇಂಗ್ಲೆಂಡಿಗೆ ಓಡಿದರು. ಒಬ್ಬ ಲೋರಿಯಾಂ ಎಂಬ ಬಂದರಿನಲ್ಲಿ ಫ್ರೆಂಚ್ ಕಂಪನಿಯ ಹಡಗು ಹತ್ತಿ ಮಲಬಾರಿನ ಮಾಹೆಗೆ ಬಂದ. ಹಡಗಿನವರು ತಿಂಗಳುಗಟ್ಟಲೆ ತಿನ್ನುವ ಕಲ್ಲಿನಂಥ ಬಿಸ್ಕತ್ತು ಸುಡುವುದು ಅವನ ಕೆಲಸ.

ಇನ್ನು ಮುಖ್ಯ ವಿಷಯ. ನಾವು ಆ ಫ್ರೆಂಚನ ಸಂತಾನವಲ್ಲ. ಅವನ ಒಲೆಗೆ ಸೌದೆ ಹಾಕುತ್ತಿದ್ದ ಕೋರ ಎಂಬವನ ಸಂತಾನ. ಕೋರ ಜ್ಞಾನಸ್ನಾನ ಪಡೆದ ದಿನ ಇಗರ್ಜಿಯಲ್ಲಿ ತಂದೆಯ ಸ್ಥಾನದಲ್ಲಿ ನಿಲ್ಲಲು ಯಾರೂ ಇರಲಿಲ್ಲ, ಧಣಿಯೇ ನಿಂತ. ನಿಂತವನ ಹೆಸರು ಮಗನಿಗೆ. ನಮ್ಮ ಕಡೆಯ ಲೋಬೊಗಳಿಗೂ ಡಿಸೋಜರಿಗೂ ಹೆಸರು ಬಂದದ್ದು ಇನ್ನು ಹೇಗೆ? ಅವರ ಹೆಸರು ಪೋರ್ಚುಗಲ್ಲಿನದು, ನಮ್ಮದು ಫ್ರಾನ್ಸಿನದು, ಅಷ್ಟೇ ವ್ಯತ್ಯಾಸ. ಅವರು ಸಾವಿರ ಮನೆ, ನಾವು ಒಂದು ಮನೆ.

ಮಾಹೆಯಿಂದ ತಲಶ್ಶೇರಿ, ಅಲ್ಲಿಂದ ಕಣ್ಣೂರು, ಅಲ್ಲಿಂದ ಮಂಗಳೂರು. ನಡುವಿನದು ಉದ್ದದ ಕಥೆ, ಅದು ಬೇಡ.

ಮಮ್ಮು ಬ್ಯಾರಿಗಳ ಅಳಿಯ ಫೈಝಲ್ ರಜೆ ಮುಗಿಸಿ ಅಲ್ಲಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಉಪ್ಪಿನಕಾಯಿ, ಹಪ್ಪಳ, ಮತ್ತು ಒಂದು ಹಿತ್ತಾಳೆ ಬೋರ್ಡು ಕಳಿಸಿದ್ದೇನೆ. ನಮ್ಮ ಗೇಟಿನಲ್ಲಿ ಇರುವುದರ ಜೋಡಿ. ಬಾಗಿಲಿಗೆ ಹಾಕಿಸು. ಬಾಗಿಲಲ್ಲಿ ಹೆಸರಿಲ್ಲದ ಮನೆ ಲಾಡ್ಜಿನ ಹಾಗೆ.

ಚಾರ್ಲ್ಸ್ ಫೂರ್ನಿಯೆ


ಮಿರ್ಕಾಬ್
22 ಆಗಸ್ಟ್ 1990

ಪಪ್ಪಾ, ಮಮ್ಮಿ,

ನಾನು ಬದುಕಿದ್ದೇನೆ. ಇರಾಕಿನ ಸೈನ್ಯ ಇಲ್ಲಿಗೆ ನುಗ್ಗಿ ಇಂದಿಗೆ ಇಪ್ಪತ್ತು ದಿನ. ಯಶೋಧರಣ್ಣ ನಾಳೆ ಹೊರಡುತ್ತಾರೆ. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನ್. ಅಲ್ಲಿಗೆ ನಮ್ಮ ವಿಮಾನ ಬರುತ್ತದಂತೆ. ಅವರ ಟೈಲರ್ ಧಣಿ ಇಲ್ಲಿಯೇ ಇದ್ದುದರಿಂದ ಪಾಸ್‌ಪೋರ್ಟ್ ಕೈಗೆ ಸಿಕ್ಕಿತು. ನನ್ನದು ಕಫೀಲ್ ಮನೆಯ ತಿಜೋರಿಯಲ್ಲಿ. ಅವರು ಕೈರೋದಲ್ಲೇ ಇದ್ದಾರೆ, ಅವರ ಮನೆಯಲ್ಲಿ ಈಗ ಇರಾಕಿ ಸೈನಿಕರು ಇದ್ದಾರೆ. ಯಶೋಧರಣ್ಣ ಎರಡು ಬಸ್ಸು ಬಿಟ್ಟರು, ನನಗಾಗಿ. ಮೂರನೆಯದನ್ನು ಬಿಡಬೇಡಿ ಎಂದು ನಾನೇ ಹೇಳಿದೆ.

ಕನ್ನಡ ಓದಬಲ್ಲ ಸೈನಿಕ ಇರಲಾರ. ಆದರೂ ನಮ್ಮ ಹೆಸರನ್ನು ಇದರಲ್ಲಿ ಬರೆಯುವುದಿಲ್ಲ. ಸಿಟ್ಟು ಮಾಡಬೇಡಿ.

ನೀವು ಕಳಿಸಿದ ಬೋರ್ಡನ್ನು ಫೈಝಲ್ ಬಂದ ದಿನವೇ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ್ದ. ಯಶೋಧರಣ್ಣ ನೋಡಿ, "ಇದು ಬ್ಯಾಚುಲರ್ ರೂಮಾ, ಡಾಕ್ಟ್ರ ಬಂಗಲೆಯಾ ಮಾರಾಯ? ನನ್ನದೂ ಒಂದು ಹಾಕಿಸು, ಕೆಳಗೆ, ಸಣ್ಣದು" ಎಂದಿದ್ದರು. ಹಾರಿಸ್, ಅಂದರೆ ಕಟ್ಟಡದ ಕಾವಲುಗಾರ, ಅದನ್ನು ಐದನೆಯ ಮಹಡಿಯ ಎಂಜಿನಿಯರರಿಗೆ ತೋರಿಸಿದನಂತೆ. ಅವರು ಓದಿ, ಇದು ಫ್ರೆಂಚ್ ಹೆಸರು ಎಂದು ಹೇಳಿದರು. ಅಂದಿನಿಂದ ಅವನು ನನ್ನನ್ನು "ಫ್ರಾನ್ಸಿ, ಫ್ರಾನ್ಸಿ" ಎಂದು ಕರೆಯತೊಡಗಿದ. ನನಗೆ ನಾಚಿಕೆಯಾಗುತ್ತಿತ್ತು, ಆದರೆ ಬೇಡ ಎನ್ನಲಿಲ್ಲ. ಬೇಡ ಎನ್ನಬೇಕಾದರೆ ಮಾತಾಡಬೇಕಲ್ಲ.

ಈಗ ಸೈನಿಕರು ಇಂಗ್ಲಿಷರನ್ನು, ಅಮೆರಿಕನ್ನರನ್ನು, ಫ್ರೆಂಚರನ್ನು ಹುಡುಕಿ ಒಯ್ಯುತ್ತಿದ್ದಾರೆ. ಬಾಂಬು ಬೀಳಬಹುದಾದ ಕಡೆಗಳಲ್ಲಿ ಅವರನ್ನು ಇಡುತ್ತಾರಂತೆ. ಇಂಡಿಯದವರನ್ನು ಮುಟ್ಟುವುದಿಲ್ಲ. ಎಂಜಿನಿಯರರನ್ನು ಹೋದ ವಾರ ಒಯ್ದರು. ಮೆಟ್ಟಿಲಿಳಿಯುವಾಗ ಅವರ ಒಂದು ಚಪ್ಪಲಿ ನಮ್ಮ ಬಾಗಿಲ ಮುಂದೆ ಕಳಚಿತು, ಹಿಂದಿರುಗಿ ಹಾಕಿಕೊಳ್ಳಲು ಬಿಡಲಿಲ್ಲ. ಸದ್ದು ತಣ್ಣಗಾದ ಮೇಲೆ ಯಶೋಧರಣ್ಣ ಮೀನಿನ ಕತ್ತಿಯಿಂದ ಬೋರ್ಡು ಬಿಚ್ಚಿದರು. ಅದನ್ನು ಹಳೆ ಲುಂಗಿಯಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದೆವು. ನನ್ನ ಆಫೀಸು ಬ್ಯಾಡ್ಜನ್ನು ಸ್ಟವ್ ಮೇಲೆ ಸುಟ್ಟೆವು. ನನ್ನ ಹತ್ತಿರ ಇದ್ದ ಗುರುತು ಅದೊಂದೇ. ಅದರಲ್ಲಿ ಇಂಡಿಯ ಎಂದು ಇರಲಿಲ್ಲ, ಆ ಹೆಸರು ಮಾತ್ರ ಇತ್ತು.

ಮರುದಿನ ಇಬ್ಬರು ಬಂದರು. ಒಬ್ಬ ಬಾಗಿಲಿನ ತೂತುಗಳಿಗೆ ಬೆರಳಿಟ್ಟು, ಇಲ್ಲೇನಿತ್ತು ಎಂದು ಕೇಳಿದ. ಯಶೋಧರಣ್ಣ ತಕ್ಷಣ "ಕ್ಯಾಲೆಂಡರ್" ಎಂದರು. ಬಾಗಿಲ ಹೊರಗೆ ಕ್ಯಾಲೆಂಡರ್! ಅವರು ಹೋದ ಮೇಲೆ ಯಶೋಧರಣ್ಣ ನೆಲದ ಮೇಲೆ ಕೂತು ನಕ್ಕರು, ನಕ್ಕು ನಕ್ಕು ಕೊನೆಗೆ ಅಳತೊಡಗಿದರು. ಅವರು ಅಳುವುದನ್ನು ನಾನು ನೋಡಿರಲಿಲ್ಲ.

ನಾಳೆಯಿಂದ ನಾನು ಮಮ್ಮು ಕಾಕನ ಮನೆಯಲ್ಲಿ.

ನಿಮ್ಮ ರುಡಾಲ್ಫ್


10 ಸೆಪ್ಟೆಂಬರ್

ಪಪ್ಪಾ,

ಇದು ತಲುಪುತ್ತದೋ ಗೊತ್ತಿಲ್ಲ. ಒಬ್ಬ ಲಾರಿ ಡ್ರೈವರ್ ಒಯ್ಯುತ್ತೇನೆ ಎಂದಿದ್ದಾನೆ.

ಹಾರಿಸ್ ಕೆಟ್ಟವನಲ್ಲ. ಹೊಡೆದರಂತೆ. ಮೂರನೆಯ ಮಹಡಿಯಲ್ಲೂ ಒಬ್ಬ ಫ್ರಾನ್ಸಿ ಇದ್ದ ಎಂದು ಹೇಳಿಬಿಟ್ಟಿದ್ದಾನೆ. ಈಗ ಅವರು ನನ್ನನ್ನು ಹುಡುಕುತ್ತಿದ್ದಾರೆ. ನನ್ನನ್ನು ಎಂದರೆ, ಆ ಹೆಸರಿನವನನ್ನು. ಮೊನ್ನೆ ಒಬ್ಬ ಅಧಿಕಾರಿ ಅಂಗಡಿಗೇ ಬಂದ. ನಾನು ತಲೆಗೆ ಬ್ಯಾರಿಗಳ ಟೊಪ್ಪಿ ಹಾಕಿಕೊಂಡು ಸಕ್ಕರೆ ತೂಗುತ್ತಿದ್ದೆ. ಮಮ್ಮು ಕಾಕ ಹೇಳಿದರು, "ಇಲ್ಲಿ ಫ್ರಾನ್ಸಿ ಎಲ್ಲಿಂದ ಬರಬೇಕು, ಎಲ್ಲ ಇಂಡಿಯದವರು, ನೋಡಿ, ನನ್ನಷ್ಟೇ ಕಪ್ಪು." ಅವನು ಇಂಗ್ಲಿಷಿನಲ್ಲಿ ನಿಧಾನವಾಗಿ, "ಫ್ರಾನ್ಸಿನವರಲ್ಲಿ ಕಪ್ಪಗಿನವರೂ ಇದ್ದಾರೆ. ನಾನು ಅಲ್ಲಿ ಓದಿದ್ದೇನೆ" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಇವನು ಯಾರು?"

"ಅನ್ಸಾಫ್. ನನ್ನ ಮಗ."

ಅನ್ಸಾಫ್ ಅವರ ನಿಜವಾದ ಮಗ, ಮೇ ತಿಂಗಳಲ್ಲೇ ಊರಿಗೆ ಹೋಗಿದ್ದಾನೆ. ಅಧಿಕಾರಿ ನನ್ನ ಕೈ ನೋಡುತ್ತಿದ್ದ. ತಕ್ಕಡಿಯಿಂದ ಸಕ್ಕರೆ ಚೆಲ್ಲುತ್ತಿತ್ತು. ಮಮ್ಮು ಕಾಕ ನನ್ನ ತಲೆಗೆ ಫಟ್ ಎಂದು ಒಂದು ಕೊಟ್ಟರು. "ಹಲ್ಕಟ್, ಸಕ್ಕರೆ ನಿನ್ನ ಅಪ್ಪನದಾ?" ಅಧಿಕಾರಿ ನಕ್ಕ. ಸಿಗರೇಟು ತೆಗೆದುಕೊಂಡು ಹೋದ.

ಪರದೇಶದವರನ್ನು ಅಡಗಿಸಿಟ್ಟವರನ್ನು ಗಲ್ಲಿಗೆ ಹಾಕುತ್ತೇವೆ ಎಂದು ರೇಡಿಯೊದಲ್ಲಿ ಹೇಳಿದ್ದಾರೆ. ನಾನು ಹೊರಗೆ ಹೋಗುತ್ತೇನೆ, ನಿಜ ಹೇಳಿಬಿಡುತ್ತೇನೆ ಎಂದೆ. "ಎಂತ ಹೇಳ್ತಿ?" ಎಂದರು ಅಲೀಮಕ್ಕ. "ಒಲೆ, ಬಿಸ್ಕತ್ತು, ಮಾಹೆ, ಇದೆಲ್ಲ ಹೇಳ್ತಿಯಾ? ಬಸಳೆ ಪದಾರ್ಥ ಬೇಕಾ ಬೇಡವಾ ಅಂತ ಕೇಳಿದ್ರೆ ಹೇಳ್ಲಿಕ್ಕೆ ನಿನಗೆ ಅರ್ಧ ಗಂಟೆ ಬೇಕು." ನಾನು ಒಳಗೇ ಉಳಿದೆ. ಹೊರಗೆ ಹೋಗುತ್ತೇನೆ ಎಂದಾಗ ನಾನು ಕೂತಲ್ಲಿಂದ ಎದ್ದೇ ಇರಲಿಲ್ಲ, ಪಪ್ಪಾ. ಅದು ಅವರಿಗೆ ಕಂಡಿರಬೇಕು.

ರು.


ಬಿಜೈ, ಮಂಗಳೂರು
24 ಸೆಪ್ಟೆಂಬರ್ 1990

ಪ್ರೀತಿಯ ಪುತಾ,

ಟಪಾಲು ಕಚೇರಿಯಲ್ಲಿ ಕುವೈತಿನ ಕಾಗದ ತೆಗೆದುಕೊಳ್ಳುವುದಿಲ್ಲ. ನಿನ್ನ ಅತ್ತೆಯ ಮಗನಿಗೆ ಗೊತ್ತಿರುವ ಒಬ್ಬ ನಾವಿಕ ಅಲ್ಲಿಯ ನಮ್ಮವರಿಗೆ ಗೋಧಿ ಒಯ್ಯುವ ಹಡಗಿನಲ್ಲಿದ್ದಾನೆ. ಅವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ನೀನು ಇನ್ನೂ ಮಮ್ಮು ಬ್ಯಾರಿಗಳಲ್ಲೇ ಇದ್ದೀಯೋ ಇಲ್ಲವೋ, ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಯಶೋಧರ ಬಂದಿದ್ದ. ನಿನ್ನ ಆಗಸ್ಟಿನ ಕಾಗದ ಕೊಟ್ಟ, ಆಮೇಲಿನದು ಯಾವುದೂ ಬಂದಿಲ್ಲ. ಚಾ ಕುಡಿಯಲಿಲ್ಲ. ಬೋರ್ಡಿನ ಮಾತು ಬಂದಾಗ ಅವನು ತಲೆ ತಗ್ಗಿಸಿದ, ನಾನೂ ತಗ್ಗಿಸಿದೆ. ಅವನು ಹೋಗುವಾಗ ಗೇಟು ಮುಚ್ಚಿ, ನಮ್ಮ ಬೋರ್ಡಿನ ಮೇಲೆ ಒಂದು ಕ್ಷಣ ಕೈಯಿಟ್ಟು ಹೋದ. ನಿನ್ನ ಮಮ್ಮಿ ಕಿಟಕಿಯಿಂದ ನೋಡುತ್ತಿದ್ದಳು. ನನ್ನ ಹತ್ತಿರ ಆ ವಿಷಯ ಅವಳು ಈವರೆಗೆ ಎತ್ತಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಜುಲೈಯಲ್ಲಿ ಬೇಡ ಎಂದು ಬಿಟ್ಟ ಕಥೆಯನ್ನು ಈಗ ಹೇಳುತ್ತೇನೆ. ಸಾವಿರದ ಏಳುನೂರ ತೊಂಬತ್ತಮೂರರಲ್ಲಿ ಇಂಗ್ಲಿಷರು ಮಾಹೆಯನ್ನು ಹಿಡಿದರು. ಕೋರನ ಮಕ್ಕಳು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ತಲಶ್ಶೇರಿಗೆ ಓಡಿದರು. ಅದೂ ಇಂಗ್ಲಿಷರದೇ ಊರು. ಫ್ರೆಂಚ್ ಹೆಸರು ಹೇಳಿದರೆ ಗೂಢಚಾರ ಎನ್ನುತ್ತಾರೆಂಬ ಭಯ. ಹೆಸರು ಬಿಟ್ಟರು. ನಲವತ್ತು ವರ್ಷ ನಮ್ಮವರಲ್ಲಿ ಒಬ್ಬನೂ ಫೂರ್ನಿಯೆ ಆಗಿರಲಿಲ್ಲ. ಮಂಗಳೂರಿಗೆ ಬಂದ ಮೇಲೆ, ಇಲ್ಲಿ ಯಾರೂ ಕೇಳುವವರಿಲ್ಲ ಎಂದು ಖಾತ್ರಿಯಾದ ಮೇಲೆ, ಒಬ್ಬ ಮುದುಕ ಸಾಯುವ ಮೊದಲು ಮಕ್ಕಳನ್ನು ಕರೆದು ಹಳೆಯ ಹೆಸರು ಹೇಳಿದ. ಅಲ್ಲಿಂದ ಮತ್ತೆ ಶುರು.

ನಡುವಿನ ಆ ನಲವತ್ತು ವರ್ಷ ಅವರು ಯಾವ ಹೆಸರಿನಲ್ಲಿ ಬದುಕಿದರು? ನನ್ನ ಅಜ್ಜನಿಗೂ ಗೊತ್ತಿರಲಿಲ್ಲ. ಅವರನ್ನು ಉಳಿಸಿದ ಹೆಸರು ಯಾರಿಗೂ ನೆನಪಿಲ್ಲ, ಅವರನ್ನು ಓಡಿಸಿದ ಹೆಸರನ್ನು ನಾನು ಹಿತ್ತಾಳೆಯಲ್ಲಿ ಕೆತ್ತಿಸಿದೆ.

ಆದ್ದರಿಂದ ಬಿಟ್ಟುಬಿಡು. ಯಾರು ಕೇಳಿದರೂ ಬೇರೆ ಏನಾದರೂ ಹೇಳು. ಪಪ್ಪನಿಗೆ ಬೇಸರವಾಗುತ್ತದೆ ಎಂದು ಯೋಚಿಸಬೇಡ.

ಆದರೆ ಒಂದು ಸಂಕಟ ಉಂಟು. ಬೊಂಬಾಯಿಗೆ ಬಂದಿಳಿದವರ ಹೆಸರುಗಳು ಪೇಪರಿನಲ್ಲಿ ಬರುತ್ತವೆ. ದಿನಾ ಬೆಳಿಗ್ಗೆ ನಾನು ಬೆರಳಿಟ್ಟು ಓದುತ್ತೇನೆ, ನಿನ್ನ ಮಮ್ಮಿ ನನ್ನ ಬೆರಳನ್ನೇ ನೋಡುತ್ತಾಳೆ. ನಮ್ಮ ಹೆಸರು ಬಂದಿಲ್ಲ. ನೀನು ಬೇರೆ ಹೆಸರು ಹೇಳಿದ್ದರೆ ನಾನು ನಿನ್ನನ್ನು ಹೇಗೆ ಗುರುತಿಸಲಿ? ನಿನ್ನೆಯಿಂದ ಎಲ್ಲ ಹೆಸರುಗಳನ್ನೂ ಓದುತ್ತಿದ್ದೇನೆ, ಪ್ರತಿಯೊಂದರಲ್ಲೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಿನ್ನ
ಪಪ್ಪಾ


ಅಮ್ಮಾನ್, ಜೋರ್ಡಾನ್
1 ಅಕ್ಟೋಬರ್ 1990

ಪ್ರೀತಿಯ ಪಪ್ಪಾ,

ಇರಾಕ್ ದಾಟಿದೆವು. ನಾನು, ಮಮ್ಮು ಕಾಕ, ಅಲೀಮಕ್ಕ ಮೂವರೂ ಇದ್ದೇವೆ. ಡೇರೆಯಲ್ಲಿ ಮಲಗುತ್ತೇವೆ, ಹಗಲು ಬಿಸಿಲು, ಸಂಜೆಯಾದರೆ ಚಳಿ. ನಮ್ಮ ವಿಮಾನ ಯಾವಾಗ ಎಂದು ಗೊತ್ತಿಲ್ಲ. ಈ ಕಾಗದವನ್ನು ಇಂದು ಹಾರುವ ಒಬ್ಬ ನರ್ಸ್ ಒಯ್ಯುತ್ತಾರೆ. ಇಷ್ಟು ಅವಸರ ಏಕೆಂದರೆ, ನಮ್ಮೂರಿನ ಸೆವ್ರಿನ್ ಬಾಯಿ ನಾಳೆಯ ವಿಮಾನದಲ್ಲಿ ಹೋಗುತ್ತಾರೆ. ಅವರು ನಿಮ್ಮಲ್ಲಿಗೆ ಬಂದೇ ಬರುತ್ತಾರೆ. ಅವರ ಬಾಯಿಂದ ಕೇಳುವ ಮೊದಲು ನೀವು ನನ್ನಿಂದ ಕೇಳಬೇಕು.

ಕುವೈತ್ ಬಿಡುವ ಮೊದಲು, ಪಾಸ್‌ಪೋರ್ಟ್ ಇಲ್ಲದವರಿಗೆ ನಮ್ಮ ರಾಯಭಾರ ಕಚೇರಿಯವರು ಒಂದು ಚೀಟಿ ಕೊಡುತ್ತಿದ್ದರು. ಹೇಳಿದ ಹೆಸರು ಬರೆಯುತ್ತಾರೆ, ಕೇಳುವವರಿಲ್ಲ. ಸಾಲಿನಲ್ಲಿ ಮಮ್ಮು ಕಾಕ ನನ್ನ ಮುಂದೆ ನಿಂತಿದ್ದರು. ಗುಮಾಸ್ತ ನನ್ನ ಹೆಸರು ಕೇಳಿದ. ನನ್ನ ಬಾಯಿ ತೆರೆಯಲಿಲ್ಲ. ಮಮ್ಮು ಕಾಕ ತಿರುಗಿ, "ಅನ್ಸಾಫ್ ಅಂತ ಬರೀರಿ. ತಂದೆ ಮಮ್ಮು, ಉಳ್ಳಾಲ" ಎಂದರು. ಇನ್ನೂ ಏನಾದರೂ ಕೇಳುತ್ತಾನೆಂದು ಕಾದರು. ಅವನು ಮುಂದಿನವರನ್ನು ಕರೆದ.

ಇರಾಕಿನ ಕೊನೆಯ ಗಡಿಠಾಣೆಯಲ್ಲಿ ನಮ್ಮನ್ನೆಲ್ಲ ಬಸ್ಸಿನಿಂದ ಇಳಿಸಿ ಬಿಸಿಲಲ್ಲಿ ನಿಲ್ಲಿಸಿದರು. ನಮ್ಮ ಮುಂದಿನ ಬಸ್ಸಿನಿಂದ ಒಬ್ಬನನ್ನು ಎಳೆದುಕೊಂಡು ಹೋಗುತ್ತಿದ್ದರು. ಅರಬರ ಉದ್ದ ಅಂಗಿ ತೊಟ್ಟಿದ್ದ, ಗಡ್ಡ ಬಿಟ್ಟಿದ್ದ, ಆದರೆ ಪಾದ ಬೆಳ್ಳಗಿತ್ತು. ಅವನು ಕೂಗಲೂ ಇಲ್ಲ. ಒಬ್ಬ ಅಧಿಕಾರಿ ನಮ್ಮ ಸಾಲಿನ ಉದ್ದಕ್ಕೂ ಚೀಟಿ ನೋಡುತ್ತಾ ಬರುತ್ತಿದ್ದ.

ಆಗ ಪಕ್ಕದ ಸಾಲಿನಿಂದ ಒಂದು ದನಿ. "ಏ ಬಾಬಾ! ನೀನು ಬಿಜೈಯವನಲ್ಲವಾ?" ಕುಲಶೇಖರದ ಸೆವ್ರಿನ್ ಬಾಯಿ. ಜಹ್ರಾದಲ್ಲಿ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು. ಎರಡು ತಿಂಗಳಿನಿಂದ ಊರಿನ ಒಂದು ಮುಖ ಕಂಡಿರಲಿಲ್ಲವೇನೋ, ಕಣ್ಣಲ್ಲಿ ನೀರೇ ಬಂದಿತ್ತು. ನಮ್ಮೂರಿನವರ ಪ್ರಶ್ನೆ ನಿಮಗೆ ಗೊತ್ತಲ್ಲ, ಸಾಯುತ್ತಿದ್ದರೂ ಮೊದಲು ಯಾರ ಮನೆ, ಯಾರ ಮಗ ಎಂದು ತಿಳಿಯಬೇಕು. "ಚಾರ್ಲ್ಸ್ ಮಾಸ್ಟ್ರ ಮಗ ಅಲ್ಲವಾ ನೀನು? ಅದೇ ಮೂಗು! ಆ ಫ್ರೆಂಚ್ ಹೆಸರಿನ..."

ಅಧಿಕಾರಿ ತಲೆಯೆತ್ತಿದ. ನಮ್ಮ ಭಾಷೆ ಬಾರದಿದ್ದರೂ ಫ್ರೆಂಚ್ ಎಂಬ ಒಂದು ಮಾತು ಅವನಿಗೆ ಗೊತ್ತಿತ್ತು.

ನಾನು ಹೇಳಿದೆ, "ಅಲ್ಲ."

ಅಷ್ಟು ಗಟ್ಟಿಯಾಗಿ ನಾನು ಜೀವಮಾನದಲ್ಲಿ ಮಾತಾಡಿರಲಿಲ್ಲ. "ಯಾವ ಮಾಸ್ಟ್ರು? ನನಗೆ ಗೊತ್ತಿಲ್ಲ. ನಾನು ಇವರ ಮಗ" ಎಂದು ಮಮ್ಮು ಕಾಕನ ತೋಳು ಹಿಡಿದುಕೊಂಡೆ. ಅಧಿಕಾರಿ ನನ್ನ ಚೀಟಿ ತೆಗೆದುಕೊಂಡು ಮೇಲೆ ಕೆಳಗೆ ನೋಡಿದ. ಮಮ್ಮು ಕಾಕ "ಇಬ್ನಿ, ಇಬ್ನಿ" ಎಂದರು, ನನ್ನ ಮಗ, ನನ್ನ ಮಗ. ಅಧಿಕಾರಿ ಸೆವ್ರಿನ್ ಬಾಯಿಯನ್ನು ನೋಡಿದ, ಇವಳು ಏನು ಹೇಳುತ್ತಾಳೆ ಎಂಬಂತೆ.

ಅವರು ನನ್ನ ಟೊಪ್ಪಿ ನೋಡಿದರು. ಮುಖ ಸಣ್ಣದಾಯಿತು. "ತಪ್ಪಾಯ್ತು" ಎಂದರು. ಆಮೇಲೆ ಕೊಂಕಣಿಯಲ್ಲಿ, ತಮ್ಮಷ್ಟಕ್ಕೆ ಎಂಬಂತೆ, "ಮಾಸ್ಟ್ರು ದೊಡ್ಡ ಮನುಷ್ಯರು. ಅವರಿಗೆ ಇಂಥ ಮಗ ಇರಲಿಕ್ಕಿಲ್ಲ" ಎಂದರು.

ಅದನ್ನು ನನ್ನನ್ನು ಉಳಿಸಲು ಹೇಳಿದರೋ, ಚುಚ್ಚಲು ಹೇಳಿದರೋ ನನಗೆ ತಿಳಿಯಲಿಲ್ಲ. ಇಲ್ಲಿ ಡೇರೆಗಳ ನಡುವೆ ಎರಡು ಸಲ ಎದುರಾದರು. ಮುಖ ತಿರುಗಿಸಿಕೊಂಡು ಹೋದರು. ಹೋಗಿ ಹೇಳಬೇಕೆಂದು ನಾಲ್ಕು ಹೆಜ್ಜೆ ಹೋದೆ, ವಾಪಸು ಬಂದೆ.

ನಿನ್ನೆ ವಿಮಾನಕ್ಕೆ ಹೆಸರು ಬರೆಸಿಕೊಳ್ಳಲು ನಮ್ಮ ದೇಶದ ಅಧಿಕಾರಿಗಳು ಬಂದರು. ಮಮ್ಮು ಕಾಕ ಹೇಳಿದರು, "ಇನ್ನು ನಿನ್ನದೇ ಹೇಳು ಮಗಾ. ಇಲ್ಲಿ ಹೆದರಿಕೆ ಇಲ್ಲ. ಖಲಾಸ್, ಮುಗೀತು." ಮೇಜಿನ ಆಚೆ ಕೂತವರು ನಮ್ಮವರೇ, ಪೆನ್ನು ಹಿಡಿದು ಕಾಯುತ್ತಿದ್ದರು. ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆದರೂ ಅನ್ಸಾಫ್ ಎಂದೆ.

ಆದ್ದರಿಂದ ಪೇಪರಿನಲ್ಲಿ ಹೆಸರುಗಳು ಬರುವುದಾದರೆ, ಅನ್ಸಾಫ್, ತಂದೆ ಮಮ್ಮು, ಉಳ್ಳಾಲ ಎಂದು ಹುಡುಕಿ. ಅದು ನಾನೇ. ಮಮ್ಮಿಗೂ ತೋರಿಸಿ.

ಇನ್ನೊಂದು ಮಾತು. ಇಲ್ಲಿ ಡೇರೆಯ ಹೊರಗೆ ಯಾರಾದರೂ ನಿಂತರೆ ಸಾಕು, ನನ್ನ ನಾಲಿಗೆ ಒಣಗುತ್ತದೆ. ಅಲೀಮಕ್ಕ ಊಟಕ್ಕೆ ಕರೆದರೂ ಹಾಗೆಯೇ ಆಗುತ್ತದೆ. ಮನೆಗೆ ಬಂದು ಬಾಗಿಲು ತಟ್ಟಿದಾಗ ಒಳಗಿನಿಂದ ಯಾರು ಎಂದು ಕೇಳಬೇಡಿ, ಪಪ್ಪಾ. ಸುಮ್ಮನೆ ತೆಗೆಯಿರಿ.

ನಿಮ್ಮ ಮಗ